ಮೂವತ್ತೇಳನೆಯ ನಿಮಿಷ

ಮೂವತ್ತೇಳನೆಯ ನಿಮಿಷಕ್ಕೆ ಇಂಜಿನ್ ಸತ್ತಿತು.

ಎರಡು ಸಲ ಮುಗ್ಗರಿಸಿತು. ಆಮೇಲೆ, ಮಾತಾಡುತ್ತಿದ್ದವರು ಅರ್ಧ ಮಾತಿಗೇ ಎದ್ದುಹೋದ ಹಾಗೆ ನಿಂತುಬಿಟ್ಟಿತು. ಪೊಲೀಸ್ ಠಾಣೆಯ ಹಿಂದಿನ ಅಂಗಳದಲ್ಲಿ ಎಷ್ಟು ಮೌನ ಕವಿಯಿತೆಂದರೆ, ಒಳಗೆ ಯಾರೋ ಟೈಪ್ ಮಾಡುತ್ತಿದ್ದ ಸದ್ದು ಹೊರಗೆ ಸ್ಪಷ್ಟವಾಗಿ ಕೇಳಿಸಿತು.

ಸರ್ವೇಯರಮ್ಮ ಕೈಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಸಮಯ ಬರೆದುಕೊಂಡರು. ಹತ್ತು ಗಂಟೆ ಹದಿನೇಳು ನಿಮಿಷ.

ಹತ್ತೊಂಬತ್ತು ದಿನಗಳ ಹಿಂದೆ ಇದೇ ಹಳೆಯ ಕಾರು ಗೇಟಿಲ್ಲದ ರೈಲ್ವೆ ಕ್ರಾಸಿಂಗಿನ ಹಳಿಗಳ ಮೇಲೆ ನಿಂತಿತ್ತು; ಗೂಡ್ಸ್ ರೈಲು ಬಡಿದು ಒಳಗಿದ್ದ ವಯಸ್ಸಾದ ಡಾಕ್ಟರು ಸತ್ತಿದ್ದರು. ಓಡಿಸುತ್ತಿದ್ದ ಮಗಳು ಕೆಳಗಿಳಿದಿದ್ದರಿಂದ ಬದುಕಿದ್ದಳು. ಇಂಜಿನ್ ತಾನಾಗಿ ನಿಂತಿತು, ತಳ್ಳಲೆಂದು ಇಳಿದೆ ಎಂದು ಅವಳು ಹೇಳುತ್ತಿದ್ದಳು. ಆದರೆ ಪೊಲೀಸರು ಚೋಕ್ ಎಳೆದು ಕೀಲಿ ತಿರುಗಿಸಿದಾಗಲೆಲ್ಲ ಇಂಜಿನ್ ಮೊದಲ ಸುತ್ತಿಗೇ ಹೊತ್ತಿಕೊಂಡಿತ್ತು. ಕೆಡದ ಗಾಡಿಯನ್ನು ಹಳಿ ಮೇಲೆ ನಿಲ್ಲಿಸಿ ಅಪ್ಪನನ್ನು ಬಿಟ್ಟು ಇಳಿದವಳು ಎಂಬ ಆರೋಪಪಟ್ಟಿ ಈ ದಿನ ಎರಡು ಗಂಟೆಗೆ ಕೋರ್ಟಿಗೆ ಹೋಗುವುದಿತ್ತು. ಒಳಗೆ ಟೈಪ್ ಆಗುತ್ತಿದ್ದುದು ಅದೇ.

"ಪೆಟ್ರೋಲ್ ಮುಗಿದಿರಬೇಕು," ಎಂದ ಇನ್ಸ್‌ಪೆಕ್ಟರ್.

"ಬೆಳಿಗ್ಗೆ ಐದು ಲೀಟರ್ ಹಾಕಿದ್ದು ನಾನೇ ಸಾರ್," ಎಂದ ಮೇಸ್ತ್ರಿ. ಡಾಕ್ಟರ ಕಾರನ್ನು ಇಪ್ಪತ್ತು ವರ್ಷದಿಂದ ನೋಡಿಕೊಂಡವನು ಅವನು. "ಮುಕ್ಕಾಲು ಗಂಟೇಲಿ ಅಷ್ಟೂ ಕುಡಿಯೋಕೆ ಇದೇನು ಲಾರಿನಾ? ಅಜ್ಜಿ ಊಟ ಕಮ್ಮಿನೇ."

ಅರವತ್ತು ವರ್ಷ ಹಳೆಯ ಆ ಕಾರನ್ನು ಅವನು ಅಜ್ಜಿ ಎಂದೇ ಕರೆಯುತ್ತಿದ್ದ. ಅಜ್ಜಿಯ ಹಿಂಭಾಗ ಈಗ ಮುದುಡಿ ಎಸೆದ ಕಾಗದದಂತಿತ್ತು. ಮುಂಭಾಗಕ್ಕೆ, ಇಂಜಿನ್ನಿಗೆ, ಒಂದು ಗೀರೂ ಬಿದ್ದಿರಲಿಲ್ಲ.

"ಯಾರೂ ಏನೂ ಮುಟ್ಟಬೇಡಿ. ಇದು ತಣ್ಣಗಾಗೋಕೆ ಮೊದಲು ನೋಡಬೇಕು," ಎಂದರು ಸರ್ವೇಯರಮ್ಮ.

ಅವರು ವಿಮಾ ಕಂಪನಿ ಕಳಿಸಿದ ವಾಹನ ಸರ್ವೇಯರ್. ಅದಕ್ಕೂ ಮೊದಲು ಹನ್ನೆರಡು ವರ್ಷ ಕಾಲೇಜಿನ ಪ್ರಯೋಗಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವರು. ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಒಂದು ಮಾತನ್ನು ಅವರು ಈಗಲೂ ಬಿಟ್ಟಿರಲಿಲ್ಲ: ಕೆಟ್ಟಿದ್ದು ಯಾವಾಗ ಕೆಡುತ್ತದೋ ಆಗಲೇ ಅದನ್ನು ಅಳೆಯಬೇಕು. ಪೊಲೀಸರು ಪ್ರತಿ ಸಲವೂ ತಣ್ಣನೆಯ ಇಂಜಿನ್ನನ್ನು ಐದು ನಿಮಿಷ ಓಡಿಸಿ ನಿಲ್ಲಿಸಿದ್ದರು. ಮೂವತ್ತೇಳು ನಿಮಿಷ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ.

ಮೇಸ್ತ್ರಿ ಕಾರ್ಬುರೇಟರಿನ ಬಾಯಿ ತೆರೆದು ಆಕ್ಸಿಲರೇಟರ್ ಕಂಬಿ ಎಳೆದ. ಪೆಟ್ರೋಲು ಪಿಚಕ್ಕನೆ ಚಿಮ್ಮಿತು.

"ಹೊಟ್ಟೆ ತುಂಬಿದೆ ಮೇಡಂ. ಪ್ರಾಣ ಹೋಗಿರೋದು ಬೇರೆ ಕಡೆ."

ಸರ್ವೇಯರಮ್ಮ ಒಂದು ಪ್ಲಗ್ಗಿನ ವಯರ್ ಕಳಚಿ ತಮ್ಮ ಚೀಲದಲ್ಲಿದ್ದ ಹೊಸ ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿದರು. ಅದರ ಲೋಹದ ಮೈಯನ್ನು ಇಂಜಿನ್ನಿಗೆ ಒತ್ತಿ ಹಿಡಿದರು.

"ಇನ್ಸ್‌ಪೆಕ್ಟರ್, ಕೀಲಿ ತಿರುಗಿಸಿ."

ಇಂಜಿನ್ ಗಿರಗಿರ ಸುತ್ತಿತು. ಪ್ಲಗ್ಗಿನ ತುದಿಯಲ್ಲಿ ಕೂದಲೆಳೆಯಂಥ ಒಂದು ಹಳದಿ ಕಿಡಿ ಕಂಡೂ ಕಾಣದಂತೆ ಮಿನುಗಿ ಆರಿತು. ಮತ್ತೊಂದು ಬರಲೇ ಇಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಇದೇ ಪ್ಲಗ್ಗಿನಲ್ಲಿ ದಪ್ಪನೆಯ ನೀಲಿ ಕಿಡಿ ಚಟಚಟ ಹಾರಿತ್ತು.

"ಕಾಯಿಲ್ ಇರಬಹುದಾ?" ಮೇಸ್ತ್ರಿ ಕೇಳಿದ.

"ಇರಬಹುದು. ಆದ್ರೆ ಮೊದಲು ಪಾಯಿಂಟ್ ನೋಡೋಣ. ಇನ್ಸ್‌ಪೆಕ್ಟರ್, ನಿಮ್ಮ ಟೋಪಿ ಕೊಡಿ."

"ಟೋಪಿನಾ?"

"ಬಿಸಿಲಿದೆ. ಕಿಡಿ ನೋಡೋಕೆ ನೆರಳು ಬೇಕು."

"ಇಷ್ಟು ಹೊತ್ತು ಹೊಗೆ ಕುಡಿಸಿದ್ರಿ. ಈಗ ಟೋಪಿನೂ ಹೋಯ್ತು," ಎಂದು ಗೊಣಗುತ್ತಲೇ ಅವನು ಟೋಪಿ ಕೊಟ್ಟ.

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಟೋಪಿಯ ನೆರಳಿನಲ್ಲಿ ಮೂವರೂ ಬಗ್ಗಿ ನೋಡಿದರು. ಪಾಯಿಂಟ್ ಎಂದರೆ ಅದರೊಳಗೆ ನಿಮಿಷಕ್ಕೆ ಸಾವಿರಾರು ಸಲ ತೆರೆದು ಮುಚ್ಚುವ ಪುಟ್ಟ ಬಾಗಿಲು. ಅದು ತೆರೆದುಕೊಂಡ ಕ್ಷಣದಲ್ಲಿ ಕಾಯಿಲ್‌ನಲ್ಲಿ ಕಿಡಿ ಹುಟ್ಟಬೇಕು. ಆ ಕ್ಷಣ ಕರೆಂಟು ಬಾಗಿಲಲ್ಲೇ ಹಾರಿ ಹಾಳಾಗದಂತೆ ಹಿಡಿದಿಟ್ಟುಕೊಳ್ಳುವುದು, ಡಿಸ್ಟ್ರಿಬ್ಯೂಟರಿನ ಪಕ್ಕಕ್ಕೆ ಒಂದೇ ಸ್ಕ್ರೂನಲ್ಲಿ ಕೂತಿರುವ, ಬೆರಳಿನ ತುದಿಯಷ್ಟು ದೊಡ್ಡ ಲೋಹದ ಡಬ್ಬಿ. ಅದು ಕಂಡೆನ್ಸರ್.

ಕೀಲಿ ತಿರುಗಿದಾಗ ಪಾಯಿಂಟಿನ ಬಾಯಲ್ಲಿ ಬೆಂಕಿಯ ನಾಲಿಗೆ ಫರ್ರೆಂದು ಹೊಳೆಯಿತು.

"ಅಯ್ಯೋ," ಎಂದ ಮೇಸ್ತ್ರಿ. "ಬರಬೇಕಾದ ಕಡೆ ಬರ್ತಿಲ್ಲ, ಬರಬಾರದ ಕಡೆ ಬರ್ತಿದೆ. ಕಂಡೆನ್ಸರ್ ಹೋಗಿದೆ ಮೇಡಂ."

"ಹೋಗಿಲ್ಲ. ಬಿಸಿಯಾದಾಗ ಮಾತ್ರ ಹೋಗುತ್ತೆ."

ಮುಚ್ಚಳ ಮತ್ತೆ ಹಾಕಿಸಿ, ಚೀಲದಿಂದ ಎರಡು ವಯರಿನ ಹೊಸ ಕಂಡೆನ್ಸರ್ ತೆಗೆದು ಹೊರಗಿನಿಂದಲೇ ಕ್ಲಿಪ್ ಹಾಕಿ ಜೋಡಿಸಿದರು. ಕೀಲಿ. ಇಂಜಿನ್ ತಕ್ಷಣ ಗುಡುಗಿತು. ಕ್ಲಿಪ್ ತೆಗೆದರು, ಸತ್ತಿತು. ಹಾಕಿದರು, ಹೊತ್ತಿಕೊಂಡಿತು. ಮೂರು ಸಲ ಹೀಗೆ ಮಾಡಿ, ಮೂರು ಸಲವೂ ಬರೆದುಕೊಂಡರು.

ಇನ್ಸ್‌ಪೆಕ್ಟರ್ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಳ್ಳುವುದನ್ನು ಮರೆತು ಕೈಯಲ್ಲೇ ಹಿಡಿದಿದ್ದ.

"ಅಂದ್ರೆ ಆಯಮ್ಮ ಹೇಳಿದ್ದು ನಿಜ."

"ಇಂಜಿನ್ ತಾನಾಗಿ ನಿಂತಿತು ಅನ್ನೋದು ನಿಜ," ಎಂದರು ಸರ್ವೇಯರಮ್ಮ. "ಮೇಸ್ತ್ರಿ, ಆ ಹಳೇದನ್ನ ಬಿಚ್ಚಿ."

ಮೇಸ್ತ್ರಿ ಸ್ಕ್ರೂ ತಿರುಗಿಸಿದ. ಡಬ್ಬಿ ಅಂಗೈಗೆ ಬಿತ್ತು. ಬಿಸಿಗೆ ಅವನು ಕೈ ಕೊಡವಬೇಕಿತ್ತು. ಕೊಡವಲಿಲ್ಲ. ಒಮ್ಮೆ ನೋಡಿ ಮುಷ್ಟಿ ಮುಚ್ಚಿದ.

"ಕೈ ಬಿಚ್ಚಿ," ಎಂದರು ಸರ್ವೇಯರಮ್ಮ.

ಅವನು ಇನ್ಸ್‌ಪೆಕ್ಟರ್‌ನ ಮುಖ ನೋಡಿದ.

"ಸುಟ್ಟುಕೊಳ್ತಿದೀರ ಮೇಸ್ತ್ರಿ. ಬಿಚ್ಚಿ."

ಅಂಗೈ ಕೆಂಪಾಗಿತ್ತು. ಡಬ್ಬಿಯ ಮೈಮೇಲೆ ತ್ರಿಕೋನದಂತೆ ಮೂರು ಚುಕ್ಕೆಗಳಿದ್ದವು, ಮೊಳೆಯಂಥದ್ದರಿಂದ ಕುಟ್ಟಿ ಮಾಡಿದವು.

"ಇದು ನಂದು," ಎಂದ ಅವನು ನಿಧಾನವಾಗಿ. "ನಾನು ಹಾಕಿದ ಸಾಮಾನಲ್ಲ. ನಾನು ತೆಗೆದ ಸಾಮಾನು."

"ಬಿಡಿಸಿ ಹೇಳಯ್ಯ," ಇನ್ಸ್‌ಪೆಕ್ಟರ್ ಗದರಿದ.

"ನನಗೆ ಕೆಲಸ ಕಲಿಸಿದೋರು ಒಂದು ಪದ್ಧತಿ ಹೇಳಿಕೊಟ್ಟಿದ್ರು ಸಾರ್. ಕೆಟ್ಟ ಸಾಮಾನು ತೆಗೆದ್ರೆ ಅದನ್ನ ಇಟ್ಕೋಬಾರದು, ಗಾಡಿಯವರಿಗೇ ವಾಪಸ್ ಕೊಡಬೇಕು. ನಿಜವಾಗಿ ಬದಲಾಯಿಸಿದಾನೆ ಅಂತ ಅವರಿಗೆ ಗೊತ್ತಾಗಬೇಕಲ್ಲ. ಅದು ಮತ್ತೆ ಯಾವ ಗಾಡಿಗೂ ಹೋಗದಿರಲಿ ಅಂತ ಮೂರು ಚುಕ್ಕೆ ಹೊಡೀತೀನಿ. ಏನು ಕೆಟ್ಟಿದೆ ಅಂತ ಚೀಟಿ ಬರೆದು ಕಟ್ಟಿ, ಡಬ್ಬದಲ್ಲಿ ಹಾಕಿ ಕೊಡ್ತೀನಿ. ಡಾಕ್ಟರ ಗಾಡಿಗೆ ಹೊಸ ಕಂಡೆನ್ಸರ್ ಹಾಕಿದ್ದು ಅವರು ತೀರಿಕೊಳ್ಳೋಕೆ ಹತ್ತು ದಿನ ಮುಂಚೆ."

"ಹಾಕಿದೆ ಅಂತ ಹೇಳಿ ಹಳೇದನ್ನೇ ಬಿಟ್ಟಿದೀಯ."

"ಹಾಗೆ ಬಿಡೋನು ಅದಕ್ಕೆ ಗುರುತು ಯಾಕೆ ಹೊಡೀಲಿ ಸಾರ್?"

ಇನ್ಸ್‌ಪೆಕ್ಟರ್ ಬಗ್ಗಿ ಆ ಮೂರು ಚುಕ್ಕೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ಚೀಟೀಲಿ ಏನು ಬರೆದಿದ್ರಿ?" ಸರ್ವೇಯರಮ್ಮ ಕೇಳಿದರು.

ಮೇಸ್ತ್ರಿಗೆ ಅದು ಬಾಯಿಪಾಠವಾಗಿತ್ತು. "ತಣ್ಣಗಿದ್ದಾಗ ಸರಿ. ಬಿಸಿಯಾದರೆ ನಲವತ್ತು ನಿಮಿಷಕ್ಕೆ ಕಿಡಿ ಸಾಯುತ್ತದೆ. ಮತ್ತೆ ಬಳಸಬಾರದು. ಮೂರು ದಿನ ಓಡಿಸಿ ನೋಡಿ ಬರೆದಿದ್ದು ಮೇಡಂ." ಅಂಗೈಯ ಡಬ್ಬಿಯನ್ನು ನೋಡುತ್ತ ಮುಂದುವರಿಸಿದ: "ರೋಗ ಏನು ಅಂತ ಬರೆದೆ ಅಂದ್ಕೊಂಡಿದ್ದೆ. ಬಳಸೋ ವಿಧಾನ ಬರೆದುಕೊಟ್ಟ ಹಾಗಾಯ್ತು."

"ಡಬ್ಬ ಡಾಕ್ಟರ ಕೈಗೇ ಕೊಟ್ರಾ?"

ಅವನು ಒರೆಸುವ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒಂದೊಂದೇ ಬೆರಳನ್ನು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ಡಾಕ್ಟರು ಸ್ನಾನಕ್ಕೆ ಹೋಗಿದ್ರು. ಬಾಗಿಲು ತೆಗೆದಿದ್ದು ಮಗಳು."

*

ಒಳಗಿನ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಬಾಗಿಲು ಸರಿಯಾಗಿ ಕೂರದ ಒಂದು ಕಬ್ಬಿಣದ ಬೀರು. ಕಿಟಕಿ ಹಿಂದಿನ ಅಂಗಳದ ಕಡೆಗಿತ್ತು, ಆದರೆ ಎತ್ತರದಲ್ಲಿ. ಕೂತವರಿಗೆ ಆಕಾಶ ಮಾತ್ರ ಕಾಣುತ್ತಿತ್ತು.

ಡಾಕ್ಟರ ಮಗಳು ಮೇಜಿನ ಮೇಲೆ ಕೈಯಿಟ್ಟು ಕೂತಿದ್ದಳು. ಮೂವತ್ತೈದು ದಾಟಿದ ವಯಸ್ಸು. ಎಡಗೈಯಲ್ಲಿ, ಕಾರು ತಳ್ಳುವಾಗ ಆದ ಗಾಯ ಒಣಗಿ ಕಪ್ಪಾಗಿತ್ತು.

ಕಾಲು ಗಂಟೆ ಯಾರೂ ಬರಬಾರದು ಎಂದು ಇನ್ಸ್‌ಪೆಕ್ಟರ್‌ಗೆ ಹೇಳಿ ಬಂದಿದ್ದ ಸರ್ವೇಯರಮ್ಮ ಎದುರು ಕೂತರು. ಮಾತು ಶುರು ಮಾಡಿದ್ದು ಅವರಲ್ಲ.

"ಮೂರು ಸಲ ನಿಲ್ಸಿ ಮೂರು ಸಲ ಸ್ಟಾರ್ಟ್ ಮಾಡಿದ್ರಿ," ಎಂದಳು ಅವಳು. "ಕೇಳಿಸ್ತು. ಕಂಡೆನ್ಸರ್ ಅಲ್ವಾ?"

"ಯಾರು ಹೇಳಿದ್ರು?"

"ಯಾರೂ ಇಲ್ಲ. ಹಾಗೆ ನಿಂತು ಹಾಗೆ ಬರೋದು ಇನ್ಯಾವುದಕ್ಕೆ? ಅಪ್ಪ ನನಗೆ ಸೈಕಲ್‌ಗಿಂತ ಮೊದಲು ಕಾರು ಬಿಚ್ಚೋದು ಕಲಿಸಿದ್ರು."

ಸರ್ವೇಯರಮ್ಮ ಆ ಲೋಹದ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಮೂರು ಚುಕ್ಕೆಗಳು ಮೇಲೆ ಬರುವಂತೆ.

"ಹತ್ತೊಂಬತ್ತು ದಿನದಿಂದ 'ಇಂಜಿನ್ ನಿಂತಿತು' ಅಂತ ಹೇಳ್ತಾ ಬಂದಿದೀರ. ಯಾಕೆ ನಿಂತಿತು ಅಂತ ಒಂದು ಸಲನೂ ಹೇಳಿಲ್ಲ. ನಿಮಗೆ ಗೊತ್ತಿತ್ತು."

ಅವಳು ಡಬ್ಬಿಯನ್ನು ನೋಡಲಿಲ್ಲ.

"ಹೇಳಿದ್ರೆ ನಿಮ್ಮನ್ನ ಬಿಡ್ತಿದ್ರು. ಆದ್ರೂ ಹೇಳ್ಲಿಲ್ಲ. ಅದಕ್ಕೆ ಕಾರಣ ನನಗೆ ಒಂದೇ ತೋಚುತ್ತೆ."

ಅವಳು ಎಡಗೈಯ ಒಣಗಿದ ಗಾಯವನ್ನು ಬೆರಳಿನಿಂದ ಉಜ್ಜಿದಳು.

"ಹೂಂ. ನಾನೇ ಹಾಕಿದ್ದು. ಹಿಂದಿನ ಮಧ್ಯಾಹ್ನ, ಅಪ್ಪ ಮಲಗಿದ್ದಾಗ. ಒಂದು ಸ್ಕ್ರೂ ಅಷ್ಟೇ ಮೇಡಂ. ಐದು ನಿಮಿಷದ ಕೆಲಸ."

"ಯಾಕೆ?"

"ಅವತ್ತು ಹನ್ನೊಂದು ಗಂಟೆಗೆ ಅಪ್ಪ ಕೋರ್ಟಲ್ಲಿ ಸಾಕ್ಷಿ ಹೇಳಬೇಕಿತ್ತು. ಚಿಕ್ಕಪ್ಪನ ವಿರುದ್ಧ."

ಆ ಪ್ರಕರಣ ಸರ್ವೇಯರಮ್ಮನಿಗೆ ಗೊತ್ತಿತ್ತು. ಡಾಕ್ಟರ ತಮ್ಮ ಔಷಧಿ ಅಂಗಡಿ ಇಟ್ಟವರು. ಅಲ್ಲಿಂದ ಹೋದ ಔಷಧಿ ಕುಡಿದು ಒಬ್ಬ ರೋಗಿ ಸತ್ತಿದ್ದ. ಚೀಟಿಯಲ್ಲಿ ಸರಿಯಾದ ಪ್ರಮಾಣ ಬರೆದಿದ್ದೆ, ಕೊಟ್ಟಿದ್ದು ತಪ್ಪು ಎಂದು ಡಾಕ್ಟರು ಹೇಳಿದರೆ ತಮ್ಮ ಜೈಲಿಗೆ ಹೋಗುತ್ತಿದ್ದರು.

"ಅಮ್ಮ ಹೋದಾಗ ನನಗೆ ಆರು ವರ್ಷ," ಎಂದಳು ಅವಳು. "ಅಪ್ಪನಿಗೆ ಯಾವಾಗಲೂ ರೋಗಿಗಳು. ನನಗೆ ಜಡೆ ಹಾಕೋದು ಕಲಿತೋರು ಚಿಕ್ಕಪ್ಪ. ಜ್ವರ ಬಂದ್ರೆ ಪಕ್ಕದಲ್ಲಿ ಕೂತೋರು ಚಿಕ್ಕಪ್ಪ. ಎಷ್ಟು ಬೇಡ್ಕೊಂಡ್ರೂ ಅಪ್ಪ ಕೇಳ್ಲಿಲ್ಲ. 'ಸತ್ತೋನಿಗೂ ಮನೆ ಮಂದಿ ಇದಾರಮ್ಮ' ಅಂದ್ರು. ಒಂದು ದಿನ ತಪ್ಪಿಸಿದ್ರೆ ಮನಸ್ಸು ಕರಗಬಹುದು ಅಂದ್ಕೊಂಡೆ. ಬರೀ ಒಂದು ದಿನ."

"ಕ್ರಾಸಿಂಗ್ ಮೇಲೆ ನಿಲ್ಲುತ್ತೆ ಅಂತ ಯೋಚನೆ ಬರ್ಲಿಲ್ವಾ?"

"ಬಂತು!" ಅವಳ ದನಿ ಮೊದಲ ಸಲ ಏರಿತು. "ಆ ಹೊತ್ತಿಗೆ ಅಲ್ಲಿ ಗೂಡ್ಸ್ ಬರೋದು ಊರಿಗೇ ಗೊತ್ತು, ಅದಕ್ಕೇ ಲೆಕ್ಕ ಹಾಕಿದ್ದು. ಮನೆಯಿಂದ ಕ್ರಾಸಿಂಗ್‌ಗೆ ಇಪ್ಪತ್ತೆರಡು ನಿಮಿಷ. ಮೇಸ್ತ್ರಿ ಬರೆದಿದ್ದು ನಲವತ್ತು. ಅಷ್ಟು ಹೊತ್ತಿಗೆ ಕ್ರಾಸಿಂಗ್ ದಾಟಿ ಬಯಲು ಸಿಗುತ್ತೆ, ಅಗಲವಾದ ರಸ್ತೆ. ಅಲ್ಲಿ ನಿಲ್ಲಲಿ, ನೆರಳಲ್ಲಿ ಅಪ್ಪನ್ನ ಕೂರಿಸಿ ಬೈಸ್ಕೊಳ್ಳೋಣ ಅಂತ…" ಅಂಗೈಯಿಂದ ಮುಖ ಉಜ್ಜಿಕೊಂಡಳು. "ಹಳೇ ಸಾಮಾನು. ನಂಬಬಾರದಿತ್ತು. ಬೇಗ ಕೈಕೊಡ್ತು."

ಸರ್ವೇಯರಮ್ಮ ನೋಟ್‌ಬುಕ್ ತೆರೆದರು. ಹೇಳಲೋ ಬೇಡವೋ ಎಂದು ಕ್ಷಣಕಾಲ ತಡೆದರು. ಅಳತೆ ಮಾಡಿದ ಸಂಖ್ಯೆಯನ್ನು ಬಚ್ಚಿಡುವುದು ಅವರಿಗೆ ಒಗ್ಗದ ಕೆಲಸ.

"ಅದು ಬೇಗ ಕೈಕೊಡ್ಲಿಲ್ಲ," ಎಂದರು.

ಅವಳು ತಲೆಯೆತ್ತಿದಳು.

"ಇವತ್ತು ನಿಂತ ಜಾಗದಲ್ಲೇ ಓಡಿಸಿದಾಗ ಮೂವತ್ತೇಳು ನಿಮಿಷ ಬಂತು. ರಸ್ತೆ ಮೇಲಾದ್ರೆ ಗಾಳಿ ತಾಗುತ್ತೆ, ಇಂಜಿನ್ ನಿಧಾನಕ್ಕೆ ಬಿಸಿಯಾಗುತ್ತೆ. ಇನ್ನೂ ಮೂರು ನಾಲ್ಕು ನಿಮಿಷ ಜಾಸ್ತಿನೇ ಬರಬೇಕು. ಮೇಸ್ತ್ರಿ ಮೂರು ದಿನ ಓಡಿಸಿ ನೋಡಿದಾಗಲೂ ನಲವತ್ತು. ನಿಮ್ಮ ಲೆಕ್ಕ ಸರಿ ಇತ್ತಮ್ಮ. ಇಪ್ಪತ್ತೆರಡು ನಿಮಿಷಕ್ಕೆ ಅದು ನಿಲ್ಲೋ ಹಾಗೇ ಇರಲಿಲ್ಲ. ಒಂದೇ ಒಂದು ರೀತೀಲಿ ಬಿಟ್ಟು."

"ಯಾವ ರೀತಿ?"

"ನೀವು ಕೀಲಿ ತಿರುಗಿಸೋಕೆ ಮೊದಲೇ ಆ ಇಂಜಿನ್ ಕಾಲು ಗಂಟೆ, ಇಪ್ಪತ್ತು ನಿಮಿಷ ಓಡಿತ್ತು. ಯಾರೋ ಮೊದಲೇ ಬಿಸಿ ಮಾಡಿಟ್ಟಿದ್ರು."

ಹೊರಗೆ ಟೈಪ್ ಸದ್ದು ನಿಂತಿತ್ತು. ಅವಳ ಕಣ್ಣುಗಳು ಎಲ್ಲೋ ಹೋಗಿ ಬಂದವು.

"ಅವತ್ತು ಚೋಕ್ ಎಳೀಲಿಲ್ಲ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಗಾಬರೀಲಿ ಮರೆತೆ. ಇಂಜಿನ್ ತಣ್ಣಗಿದ್ರೆ ಚೋಕ್ ಎಳೀದೆ ಅದು ಒಂದು ದಿನನೂ ಸ್ಟಾರ್ಟ್ ಆಗಿಲ್ಲ. ಅವತ್ತು ಆಯ್ತು."

"ನೀವು ಕಾರಿನ ಶೆಡ್ಡಿಗೆ ಹೋಗಿದ್ದು ಎಷ್ಟು ಹೊತ್ತಿಗೆ?"

"ಹೊರಡೋ ಹೊತ್ತಿಗೇ. ಅಪ್ಪನಿಗೆ ಷರ್ಟು ಇಸ್ತ್ರಿ ಮಾಡಿ, ಅವರನ್ನ ಕೈಹಿಡಿದು ಕರ್ಕೊಂಡೇ ಹೋಗಿದ್ದು. ಅವರೊಬ್ಬರೇ ಮೆಟ್ಟಿಲು ಇಳಿಯೋ ಹಾಗಿರಲಿಲ್ಲ. ಶೆಡ್ಡು ಬೀದಿ ಕೊನೇಲಿದೆ, ಅಲ್ಲಿ ಸದ್ದಾದ್ರೆ ಮನೆಗೆ ಕೇಳಿಸಲ್ಲ."

"ಈ ನಲವತ್ತು ನಿಮಿಷದ ವಿಷಯ ಯಾರಿಗಾದ್ರೂ ಹೇಳಿದ್ರಾ?"

ಸರ್ವೇಯರಮ್ಮ ಕಾದರು. ಇಂಜಿನ್ನಿಗೆ ಕಾದ ಹಾಗೆಯೇ, ಅಲುಗಾಡದೆ.

"ಹಿಂದಿನ ಸಂಜೆ," ಎಂದಳು ಕೊನೆಗೆ. "ಅಂಗಡಿ ಮುಚ್ಚಿ ಒಳಗೆ ಕೂತು ಅಳ್ತಿದ್ರು. ನೋಡೋಕೆ ಆಗ್ಲಿಲ್ಲ. ಅದಕ್ಕೆ ಹೇಳಿದೆ, ಚಿಕ್ಕಪ್ಪ, ನಾಳೆ ಅಪ್ಪ ಕೋರ್ಟ್ ಮುಟ್ಟಲ್ಲ, ಗಾಡಿ ನಲವತ್ತು ನಿಮಿಷಕ್ಕೆ ನಿಲ್ಲುತ್ತೆ ಅಂತ. ಅವರು ಒಂದೇ ಮಾತು ಕೇಳಿದ್ರು."

"ಏನಂತ?"

"'ಕ್ರಾಸಿಂಗ್ ದಾಟಿದ ಮೇಲೆ ತಾನೇ ಮಗೂ?' ಅಂತ." ಅವಳ ತುಟಿಯ ಬಣ್ಣ ಹೋಗಿತ್ತು. "ನನ್ನ ಮೇಲಿನ ಪ್ರೀತಿಗೆ ಕೇಳಿದ್ರು ಅಂದ್ಕೊಂಡೆ."

"ಶೆಡ್ಡಿನ ಬೀಗದ ಕೈ ಅವರ ಹತ್ರನೂ ಇತ್ತಾ?"

ಅವಳು ಉತ್ತರಿಸುವ ಮೊದಲೇ ಬಾಗಿಲು ತೆರೆದುಕೊಂಡಿತು.

ಇನ್ಸ್‌ಪೆಕ್ಟರ್ ಒಳಗೆ ಬಂದ. ಅವನ ಹಿಂದೆ, ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿದ್ದ, ಸಣ್ಣ ಮೈಯ ಒಬ್ಬ ಹಿರಿಯರು. ಕೈಯಲ್ಲಿ ಅವಳ ಬಟ್ಟೆಗಳ ಚೀಲ. ಮುಖದಲ್ಲಿ ನಿದ್ದೆಗೆಟ್ಟ ಕಣ್ಣುಗಳು.

"ಚಿಕ್ಕಪ್ಪ ಬಂದಿದಾರೆ," ಎಂದ ಇನ್ಸ್‌ಪೆಕ್ಟರ್. "ಮೇಡಂ, ನಿಮ್ಮದು ಮುಗೀತಾ? ಆ ಡಬ್ಬಿ ಹೇಗೆ ಒಳಗೆ ಬಂತು ಅಂತ ನಾನು ಬರ್ಕೋಬೇಕು. ಎರಡು ಗಂಟೆಗೆ ಏನಾದ್ರೂ ಒಂದು ತಗೊಂಡು ಹೋಗ್ಲೇಬೇಕಲ್ಲ."

"ಊಟ ಮಾಡ್ಯಾ ಮಗೂ?" ಚಿಕ್ಕಪ್ಪ ಕೇಳಿದರು. ಅವಳ ತಲೆ ಮುಟ್ಟಿ, ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದರು. ಆ ಕೈ ಬಹಳ ಮೃದುವಾಗಿತ್ತು. ಅದನ್ನು ಸರ್ವೇಯರಮ್ಮ ಗಮನಿಸಿದರು. ಮೇಜಿನ ಮೇಲಿದ್ದ ಡಬ್ಬಿಯ ಕಡೆ ಆ ಕಣ್ಣುಗಳು ಒಮ್ಮೆ ಹೋಗಿ, ಏನೆಂದು ಕೇಳದೆ ಹಿಂದಿರುಗಿದ್ದನ್ನೂ ಗಮನಿಸಿದರು.

ಸರ್ವೇಯರಮ್ಮ ಎದ್ದು ನಿಂತರು.

"ಒಳ್ಳೇದಾಯ್ತು, ನೀವೇ ಬಂದ್ರಿ. ಒಂದು ಮಾತು ಕೇಳಬೇಕಿತ್ತು. ಆ ದಿನ ಬೆಳಿಗ್ಗೆ ಇವರು ಹೊರಡೋಕೆ ಸ್ವಲ್ಪ ಮುಂಚೆ ನೀವು…"

"ನಾನೇ," ಎಂದಳು ಡಾಕ್ಟರ ಮಗಳು.

ಮೂವರೂ ಅವಳ ಕಡೆ ತಿರುಗಿದರು.

"ಹಳೇ ಕಂಡೆನ್ಸರ್ ಹಾಕಿದ್ದು ನಾನು. ಬೆಳಿಗ್ಗೆ ಶೆಡ್ಡಿಗೆ ಹೋಗಿ ಕಾಲು ಗಂಟೆ ಇಂಜಿನ್ ಬಿಸಿ ಮಾಡಿದ್ದೂ ನಾನೇ. ಕ್ರಾಸಿಂಗ್ ಮೇಲೇ ನಿಲ್ಲಲಿ ಅಂತ. ಬೇರೆ ಯಾರೂ ಇರಲಿಲ್ಲ. ಬರ್ಕೊಳ್ಳಿ."

"ಸುಳ್ಳು," ಎಂದರು ಸರ್ವೇಯರಮ್ಮ. "ಈಗ ತಾನೇ ನನ್ನ ಹತ್ರ…"

"ಮೇಡಂ ಹತ್ರ ಹೇಳಿದ್ದು ಸುಳ್ಳು. ಇದು ನಿಜ."

ಇನ್ಸ್‌ಪೆಕ್ಟರ್ ಪೆನ್ನು ತೆಗೆದ. ಕಾಗದ ಮೇಜಿನ ಮೇಲೆ ಹರಡಿದ. ಸರ್ವೇಯರಮ್ಮ ಅವನನ್ನು ನೋಡಲಿಲ್ಲ, ಚಿಕ್ಕಪ್ಪನನ್ನೇ ನೋಡುತ್ತಿದ್ದರು. ಮೂವತ್ತು ವರ್ಷದ ಹಿಂದೆ ಅವಳಿಗೆ ಜಡೆ ಹಾಕಿದ ಮನುಷ್ಯ ಈಗ ಒಂದು ಮಾತು ಆಡಬಹುದು. ಇಲ್ಲ ಎಂಬ ಒಂದೇ ಮಾತು ಸಾಕಿತ್ತು.

ಚಿಕ್ಕಪ್ಪ ಬಟ್ಟೆಯ ಚೀಲವನ್ನು ನೆಲದ ಮೇಲಿಟ್ಟರು. ಮೂರನೆಯ ಕುರ್ಚಿಯನ್ನು ಸದ್ದಾಗದಂತೆ ಎಳೆದು ಅವಳ ಪಕ್ಕದಲ್ಲಿ ಕೂತರು. ಅವಳ ಬೆನ್ನ ಮೇಲೆ ಕೈಯಿಟ್ಟರು.

"ನಿಧಾನವಾಗಿ ಹೇಳು ಮಗೂ," ಎಂದರು. "ಅವರು ಬರ್ಕೊಳ್ಳಲಿ."